ಡ್ರೋನ್ ಚೀಲದಲ್ಲೇ ಇತ್ತು: ಕಾರವಾರದಿಂದ ಶಿರಸಿಯವರೆಗೆ

ಶುಕ್ರವಾರ: ಅರಬೈಲ್ ಇಳಿದು ಕಡಲಿಗೆ

ಅರಬೈಲ್ ಘಟ್ಟ ಇಳಿಯುವುದಿದ್ದರೆ ಬೆಳಿಗ್ಗೆ ಬೇಗ ಹೊರಡಬೇಕು. ಹೊತ್ತೇರಿದ ಮೇಲೆ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ನಾವು ಯಲ್ಲಾಪುರದಲ್ಲಿ ಇಡ್ಲಿ, ಚಹಾ ಮುಗಿಸಿದಾಗ ಎಂಟೂವರೆ. ಮೇ ತಿಂಗಳ ಕೊನೆಯ ವಾರ. ಘಟ್ಟದ ತಿರುವುಗಳಲ್ಲಿ ಮೋಡ ಕೆಳಗೆ ಇಳಿದಿತ್ತು. ಕಿಟಕಿ ಇಳಿಸಿದರೆ ಒದ್ದೆ ಮಣ್ಣು, ಹಲಸಿನ ಹಣ್ಣು ಎರಡರ ವಾಸನೆಯೂ ಒಟ್ಟಿಗೇ ಬರುತ್ತಿತ್ತು.

ಜೊತೆಗಿದ್ದವನು ನನ್ನ ಅಕ್ಕನ ಮಗ. ಡ್ರೋನ್ ಹಾರಿಸುವ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದಿದ್ದಾನೆ. ಅವನ ಚೀಲದಲ್ಲಿ 249 ಗ್ರಾಂ ತೂಕದ ಪುಟ್ಟ ಡ್ರೋನ್ ಇತ್ತು. ನಾನು ಧಾರವಾಡದಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವವನು. 2025ರ ಮೇ ತಿಂಗಳ ನಂತರ ತರಗತಿಯಲ್ಲಿ ಹುಡುಗರು ಮತ್ತೆ ಮತ್ತೆ ಕೇಳುವುದು ಒಂದೇ: "ಸರ್, ಡ್ರೋನ್ ಹೆಂಗ ಬೀಳಸ್ತಾರ್ರೀ?" ಆಪರೇಷನ್ ಸಿಂಧೂರದ ಹೊತ್ತಿನಲ್ಲಿ ಮೇ 8ರ ರಾತ್ರಿ ಪಾಕಿಸ್ತಾನದಿಂದ 300ರಿಂದ 400 ಡ್ರೋನ್‌ಗಳು ಬಂದವು, ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆ ಗುರಿ ಇಟ್ಟಿದ್ದವು ಅಂತ ನಮ್ಮ ಸರ್ಕಾರ ಹೇಳಿತ್ತು. ಅವುಗಳಲ್ಲಿ ಕೆಲವನ್ನು ಗುಂಡು ಹೊಡೆದು, ಕೆಲವನ್ನು ಗುಂಡೇ ಹೊಡೆಯದೆ ಕೆಡವಿದರು. ಹುಡುಗರ ತಲೆಯಲ್ಲಿ ಉಳಿದಿದ್ದು ಆ ಎರಡನೇ ಮಾತು.

ಕಾರವಾರಕ್ಕೆ ಹೋಗೋಣ ಅಂದಿದ್ದು ಅಳಿಯ. ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಅದಕ್ಕಿಂತ ಹತ್ತಿರದ ಊರು ಇನ್ನೊಂದಿಲ್ಲ. ಸೀಬರ್ಡ್ ಯೋಜನೆಯ ಕದಂಬ ನೌಕಾನೆಲೆ ಇರುವುದು ಅಲ್ಲೇ. 2005ರ ಮೇ 31ರಂದು ಅದು ನೌಕಾಪಡೆಯ ಸೇವೆಗೆ ಸೇರಿತು. ವಿಮಾನ ಹೊರುವ ವಿಕ್ರಮಾದಿತ್ಯನಂಥ ದೊಡ್ಡ ಹಡಗುಗಳು ಬಂದು ನಿಲ್ಲುವ ಜಾಗ. ಒಳಗೆ ಹೋಗಲು ನಮ್ಮಂಥವರಿಗೆ ದಾರಿ ಇಲ್ಲ, ಇರಬಾರದು ಕೂಡ. ಆದರೆ ಅದರ ಸುತ್ತ ಬದುಕುವ ಊರಿನಲ್ಲಿ ನಾಲ್ಕು ಹೆಜ್ಜೆ ಓಡಾಡಬಹುದಲ್ವಾ?

ಅಂಕೋಲಾ ದಾಟಿ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಳಿದರೆ ಎಡಗಡೆ ಉದ್ದಕ್ಕೂ ಗೋಡೆ. ಛಾಯಾಚಿತ್ರ ತೆಗೆಯಬಾರದು ಅನ್ನುವ ಫಲಕಗಳು. ಇದಕ್ಕಾಗಿ 11 ಸಾವಿರ ಎಕರೆಗೂ ಜಾಸ್ತಿ ಜಾಗ ಹೋಗಿದೆ. ಅರ್ಗಾ, ಬಿಣಗಾ, ಚೆಂಡಿಯಾ, ತೋಡೂರು ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡ ಬಿಟ್ಟುಕೊಟ್ಟು ಎದ್ದುಬಂದವರು. ಆ ಗೋಡೆ ನೋಡುವಾಗ ಅದನ್ನೂ ನೆನೆಯಬೇಕು.

ಲಾಡ್ಜ್‌ನಲ್ಲಿ ಚೀಲ ಇಟ್ಟು ಊಟಕ್ಕೆ ಹೋದೆವು. ಕಾರವಾರದಲ್ಲಿ ಮೀನೂಟ ಬೇಕಾದರೆ ಒಂದು ಗಂಟೆಯೊಳಗೆ ಕೂತುಬಿಡಿ, ಆಮೇಲೆ ಹೋದರೆ ಒಳ್ಳೆಯ ಮೀನು ಮುಗಿದಿರುತ್ತದೆ. ನಮಗೆ ಬಂಗುಡೆ ಫ್ರೈ, ತಿಸ್ರ್ಯಾ ಸುಕ್ಕೆ, ಕುಚಲಕ್ಕಿ ಅನ್ನ, ಕೊನೆಗೆ ಸೋಲ್ ಕಡಿ ಸಿಕ್ಕಿತು. ತಿಸ್ರ್ಯಾದ ಚಿಪ್ಪು ತೆರೆದು ಒಳಗಿನ ಮಸಾಲೆ ಹೀರುವುದನ್ನು ಪಕ್ಕದ ಟೇಬಲ್ಲಿನ ಅಜ್ಜಿಯೊಬ್ಬರು ಅಳಿಯನಿಗೆ ಕಲಿಸಿಕೊಟ್ಟರು. ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ, ಇನ್ನೊಂದು ಪ್ಲೇಟ್ ತರಿಸಿದ.

ಸಂಜೆ ರವೀಂದ್ರನಾಥ ಟಾಗೋರ್ ಕಡಲತೀರ. ಗಾಳಿ ಬಲವಾಗಿತ್ತು, ಅಲೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಳಿಯ ಫೋನಿನಲ್ಲಿ ಡಿಜಿಟಲ್ ಸ್ಕೈ ನಕ್ಷೆ ತೆರೆದ. ಎಲ್ಲಿ ಡ್ರೋನ್ ಹಾರಿಸಬಹುದು, ಎಲ್ಲಿ ಕೂಡದು ಅಂತ ತೋರಿಸುವ ಸರ್ಕಾರಿ ನಕ್ಷೆ ಅದು. ದಕ್ಷಿಣಕ್ಕೆ ನೋಡಿದರೆ ಕೆಂಪು. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಅಂತ ಮೂರು ಮಾಡಿವೆ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಏನೂ ಹಾರುವಂತಿಲ್ಲ, ಆಟಿಕೆಯಷ್ಟು ಚಿಕ್ಕದಾದರೂ. ಅದರ ಜೊತೆಗೆ ನೌಕಾನೆಲೆಗಳ ಗಡಿಯಿಂದ 3 ಕಿ.ಮೀ. ಒಳಗೆ ಡ್ರೋನ್ ಕೂಡದು ಅಂತ ನೌಕಾಪಡೆ 2021ರಲ್ಲೇ ಸಾರಿದೆ. ಅದಕ್ಕೂ ಮೊದಲು, ಆ ವರ್ಷದ ಜೂನ್ 27ರ ನಸುಕಿನಲ್ಲಿ, ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್‌ಗಳು ಎರಡು ಸಲ ಸ್ಫೋಟಕ ಬೀಳಿಸಿದ್ದವು. ಅಲ್ಲಿಂದ ಎಲ್ಲವೂ ಬಿಗಿಯಾಯಿತು.

ಅಳಿಯ ಜಿಪ್ ಎಳೆದು ಚೀಲ ಹೆಗಲಿಗೆ ಹಾಕಿಕೊಂಡ. ಹತ್ತಿರದಲ್ಲೇ ಮದುವೆ ಜೋಡಿಯೊಂದರ ಫೋಟೊ ತೆಗೆಯುತ್ತಿದ್ದ ಹುಡುಗ ಅದನ್ನು ನೋಡಿ ನಕ್ಕ. "ನಾನೂ ಇಲ್ಲಿಗೆ ತರೂದಿಲ್ಲ ಸರ್. ಹೊರಗಿನಿಂದ ಬಂದ ಪಾರ್ಟಿಗಳು ಮೇಲಿಂದ ಶಾಟ್ ಬೇಕು ಅಂತ ಹಟ ಮಾಡ್ತಾರೆ. ಎಲ್ಲಿವರೆಗೆ ಹಾರಿಸಬಹುದು ಅಂತ ಒಂದು ಬೋರ್ಡ್ ಇದ್ರೆ ನಾವು ಅದನ್ನೇ ತೋರಿಸ್ಬಹುದಿತ್ತು," ಅಂದ. ಫೋನಿನ ನಕ್ಷೆ ಇಂಗ್ಲಿಷ್‌ನಲ್ಲಿದೆ. ಅದು ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಅವನ ಮಾತು ನನ್ನ ಮನಸ್ಸಿನಲ್ಲಿ ನಿಂತಿತು.

ಶನಿವಾರ: ಚಾಪೆಲ್ ಮತ್ತು ಬೈತಖೋಲ್

ಬೆಳಿಗ್ಗೆ ಮತ್ತೆ ಅದೇ ಕಡಲತೀರ. ಇಲ್ಲಿ ಐಎನ್‌ಎಸ್ ಚಾಪೆಲ್ ಹಡಗನ್ನು ದಡದಲ್ಲಿ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಪಕ್ಕದಲ್ಲೇ ಟುಪೊಲೆವ್ 142 ವಿಮಾನ. ಮಕ್ಕಳೆಲ್ಲ ವಿಮಾನದ ಕಡೆಗೇ ಓಡುತ್ತಾರೆ, ಅಷ್ಟು ದೊಡ್ಡದು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 50 ಮೀಟರ್. ನಾಲ್ಕು ಎಂಜಿನ್, ಪ್ರತಿಯೊಂದಕ್ಕೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುವ ಎರಡು ಪಂಖ. 1988ರಿಂದ 2017ರವರೆಗೆ ನಮ್ಮ ಸಮುದ್ರವನ್ನು ಕಾದದ್ದು ಈ ಜಾತಿಯ ವಿಮಾನಗಳು. ಗಂಟೆಗಟ್ಟಲೆ ಹಾರಿ ಜಲಾಂತರ್ಗಾಮಿ ಹುಡುಕುತ್ತಿದ್ದವು. ಸಮುದ್ರದ ಮೇಲೆ ಕಣ್ಣಿಡುವ ಆ ಕೆಲಸದಲ್ಲಿ ಈಗ ಮನುಷ್ಯರಿಲ್ಲದ ವಿಮಾನಗಳಿಗೂ ಪಾಲು ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳುವ ಒಪ್ಪಂದ ಆಯಿತು. ಅದರಲ್ಲಿ 15 ನೌಕಾಪಡೆಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಚಾಪೆಲ್. 39 ಮೀಟರ್ ಕೂಡ ಇಲ್ಲದ ಪುಟ್ಟ ಹಡಗು. ಬೆನ್ನ ಮೇಲೆ ನಾಲ್ಕು ದಪ್ಪ ಗೂಡು. ಅದರೊಳಗೆ ಸ್ಟಿಕ್ಸ್ ಅಂತ ಹೆಸರಾದ ಕ್ಷಿಪಣಿಗಳು ಇರುತ್ತಿದ್ದವು. ಗೂಡಿನ ಬಾಯಿಯ ತಗಡಿನ ಮೇಲೆ ಕೈ ಇಟ್ಟೆ. ಬಣ್ಣದ ಮೇಲೆ ಬಣ್ಣ ಬಳಿದು ಉಬ್ಬಿದೆ, ಉಪ್ಪುಗಾಳಿಗೆ ಬೋಲ್ಟ್‌ಗಳ ಸುತ್ತ ತುಕ್ಕು ಹಿಡಿದಿದೆ. ಅಲ್ಲೇ ನಿಂತು ಅಳಿಯನಿಗೆ ಒಂದು ಕತೆ ಹೇಳಿದೆ. ಡ್ರೋನ್ ತಡೆಯುವ ವಿದ್ಯೆಯ ಬೇರು ನನಗೆ ಈ ಕತೆಯಲ್ಲೇ ಕಾಣುತ್ತದೆ.

1967ರ ಅಕ್ಟೋಬರ್ 21ರಂದು ಈಜಿಪ್ಟಿನ ಸಣ್ಣ ದೋಣಿಗಳು ಇದೇ ಜಾತಿಯ ಕ್ಷಿಪಣಿ ಬಿಟ್ಟು ಇಸ್ರೇಲಿನ ಐಲತ್ ಅನ್ನುವ ದೊಡ್ಡ ಹಡಗನ್ನು ಮುಳುಗಿಸಿದವು. 47 ಜನ ಸತ್ತರು. ಸಣ್ಣದು, ಅಗ್ಗದ್ದು ದೊಡ್ಡದನ್ನು ಹೊಡೆಯಬಹುದು ಅಂತ ಲೋಕಕ್ಕೆ ಆವತ್ತು ಗೊತ್ತಾಯಿತು. 1971ರ ಡಿಸೆಂಬರ್ 4ರ ರಾತ್ರಿ ನಮ್ಮವರೂ ಇದೇ ಕ್ಷಿಪಣಿಯಿಂದ ಕರಾಚಿ ಬಂದರಿಗೆ ಬೆಂಕಿ ಇಟ್ಟರು. ನೌಕಾಪಡೆ ದಿನ ಆಚರಿಸುವುದು ಅದೇ ನೆನಪಿಗೆ. ಆದರೆ 1973ರ ಅಕ್ಟೋಬರ್ 6-7ರ ನಡುವಿನ ರಾತ್ರಿ ಸಿರಿಯಾದ ಲಟಾಕಿಯಾ ಬಂದರಿನ ಎದುರು ಆಟ ಬದಲಾಯಿತು. ಸಿರಿಯಾ ಬಿಟ್ಟ ಸ್ಟಿಕ್ಸ್ ಕ್ಷಿಪಣಿಗಳಲ್ಲಿ ಒಂದೂ ಇಸ್ರೇಲಿನ ದೋಣಿಗಳಿಗೆ ತಾಗಲಿಲ್ಲ. ಅವರು ಗಾಳಿಯಲ್ಲಿ ಲೋಹದ ಎಳೆಗಳನ್ನು ಎರಚಿದರು, ರೇಡಿಯೋ ಅಲೆಗಳಿಂದ ಕ್ಷಿಪಣಿಯ ಕಣ್ಣು ತಪ್ಪಿಸಿದರು. ಅದು ಇಲ್ಲದ ಹಡಗಿನ ಕಡೆ ಹೋಗಿ ನೀರಿಗೆ ಬಿತ್ತು.

"ಹಂಗಾದ್ರ ಗುಂಡು ಹೊಡಿಯೂದಕ್ಕಿಂತ ದಾರಿ ತಪ್ಪಿಸೂದು ಮೊದಲು ಬಂತು ಅನ್ರಿ ಮಾವ," ಅಂದ ಅಳಿಯ. ಹೌದು, ಅಷ್ಟೇ. ಈಗಿನ ಡ್ರೋನಿಗೂ ಹೊರಗಿನ ಆಧಾರ ಎರಡು. ಒಂದು, ಹಾರಿಸುವವನ ಕೈಯಿಂದ ಬರುವ ರೇಡಿಯೋ ಸಂಪರ್ಕ. ಇನ್ನೊಂದು, ತಾನೆಲ್ಲಿದ್ದೇನೆ ಅಂತ ತಿಳಿಸುವ ಉಪಗ್ರಹದ ಸಂಕೇತ. ಎರಡರಲ್ಲಿ ಯಾವುದನ್ನಾದರೂ ರೇಡಿಯೋ ಗದ್ದಲದಿಂದ ಮುಚ್ಚಿದರೆ ಅದು ಜಾಮಿಂಗ್. ಎರಡನೆಯದಕ್ಕೆ ಸುಳ್ಳು ಸಂಕೇತ ಕೊಟ್ಟು ನಂಬಿಸಿದರೆ ಸ್ಪೂಫಿಂಗ್. ಜಿಪಿಎಸ್ ಉಪಗ್ರಹಗಳು ಇರುವುದು 20,200 ಕಿ.ಮೀ. ಮೇಲೆ. ನೆಲಕ್ಕೆ ಮುಟ್ಟುವಾಗ ಆ ಸಂಕೇತ ತೀರಾ ಕ್ಷೀಣ. ಹತ್ತಿರದ ಸಣ್ಣ ಜಾಮರ್ ಕೂಡ ಅದನ್ನು ಮುಚ್ಚಿಹಾಕುತ್ತದೆ.

ನಮ್ಮ ನೌಕಾಪಡೆಗೂ ಅಂಥದೊಂದು ವ್ಯವಸ್ಥೆ ಇದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ್ದು, ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್ ತಯಾರಿಸುವುದು. 2021ರ ಆಗಸ್ಟ್ 31ರಂದು ಒಪ್ಪಂದಕ್ಕೆ ಸಹಿ ಆಯಿತು. ರೇಡಾರ್ ಸಣ್ಣ ಡ್ರೋನ್‌ಗಳನ್ನು ಪತ್ತೆ ಮಾಡುತ್ತದೆ, ಜಾಮರ್ ಸಂಪರ್ಕ ಕಡಿಯುತ್ತದೆ, ಅದಕ್ಕೂ ಬಗ್ಗದಿದ್ದರೆ ಲೇಸರ್ ಕಿರಣ ಸುಡುತ್ತದೆ. ಬೆಂಗಳೂರಿನ ರೇಡಾರ್ ಪ್ರಯೋಗಾಲಯವೂ ಇದರಲ್ಲಿ ಕೈಜೋಡಿಸಿದೆ. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ. ನಮ್ಮ ಡಿಪ್ಲೊಮಾ ಹುಡುಗರು ನಾಳೆ ಕೆಲಸಕ್ಕೆ ಸೇರಬಹುದಾದ ಜಾಗಗಳಿವು.

ಮಧ್ಯಾಹ್ನದ ಮೇಲೆ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲ್‌ಗೆ ಹೋದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಅದಕ್ಕೆ ಮುಂಚಿನ ಕೊನೆಯ ದಿನಗಳು. ಮೀನಿನ ಹಿಂಡನ್ನು ಸುತ್ತುಬಲೆಯಿಂದ ಹಿಡಿಯುವ ಪರ್ಸೀನ್ ಬೋಟ್‌ಗಳು ಒತ್ತೊತ್ತಾಗಿ ನಿಂತಿದ್ದವು. ಕೆಲವರು ಬಲೆ ಮಡಚುತ್ತಿದ್ದರು, ಕೆಲವರು ಎಂಜಿನ್ ಬಿಚ್ಚಿದ್ದರು. ಐಸ್ ಕರಗಿದ ನೀರು, ಡೀಸೆಲ್, ಒಣಮೀನಿನ ವಾಸನೆ. ನೆಲ ಜಾರುತ್ತದೆ, ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗುವುದೇ ವಾಸಿ. ನನ್ನ ಚಪ್ಪಲಿಯ ಬಾರು ಅಲ್ಲೇ ಕಿತ್ತುಹೋಯಿತು. ಬಲೆ ಹೊಲಿಯುತ್ತಿದ್ದ ತಾಂಡೇಲರೊಬ್ಬರು, ಅಂದರೆ ಬೋಟ್ ನಡೆಸುವವರು, ಕರೆದು ಕೂರಿಸಿ, ಅದೇ ನೈಲಾನ್ ದಾರದಿಂದ ಹೊಲಿದು ಕೊಟ್ಟರು. ಮಾತು ಶುರುವಾದದ್ದು ಹಾಗೆ.

"ನಿಮ್ಗೆ ಎಲ್ಲಿ ಆಯ್ತು, ಮಾಸ್ತರ್ರೆ?" ಅಂದರು. ಧಾರವಾಡ ಅಂದೆ. ಬಂದ ಕಾರಣ ಹೇಳಿದೆ. ಅವರಿಗೆ ಡ್ರೋನ್ ಹೊಸದಲ್ಲ. 2023ರ ಡಿಸೆಂಬರ್ 23ರಂದು ಸೌದಿಯಿಂದ ಮಂಗಳೂರಿಗೆ ಕಚ್ಚಾ ತೈಲ ತರುತ್ತಿದ್ದ ಕೆಮ್ ಪ್ಲೂಟೊ ಹಡಗಿಗೆ ಅರಬ್ಬಿ ಸಮುದ್ರದಲ್ಲಿ ಡ್ರೋನ್ ಬಡಿದದ್ದು ಅವರಿಗೆ ಚೆನ್ನಾಗಿ ನೆನಪಿದೆ. ಗುಜರಾತಿನ ದಡದಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ. ಹಡಗಿನಲ್ಲಿ ಇದ್ದವರು ಹೆಚ್ಚಿನವರು ಭಾರತದವರೇ. "ನಮ್ಮ ಜನ ಹಡಗಿನ ಮೇಲೆ ದುಡಿಯೂಕೆ ಹೋಗ್ತಾರೆ ಅಲ್ಲಾ. ಅವತ್ತು ಎಲ್ಲಾ ಮನೆಲೂ ಫೋನ್ ಹಿಡ್ಕಂಡೇ ಕೂತಿದ್ರು," ಅಂದರು.

ಅವರ ಬೋಟ್‌ನಲ್ಲೂ ಜಿಪಿಎಸ್ ಇದೆ, ಮೀನು ಹುಡುಕುವ ಯಂತ್ರ ಇದೆ. ಅದು ಬಂದ್ ಆದರೆ? ಅಳಿಯ ಕೇಳಿದ. ತಾಂಡೇಲರು ಸೂಜಿ ನಿಲ್ಲಿಸದೆ ಹೇಳಿದರು: "ಎಂತ ಮಾಡೂದು? ಗುಡ್ಡೆ ನೋಡೂದು. ದೇವಗಡದ ದೀಪಸ್ತಂಭದ ಬತ್ತಿ ನೋಡೂದು. ಎಷ್ಟು ಹೊತ್ತಾಯ್ತು, ಯಾವ ಕಡೆ ಬಂದೆ ಅಂತ ಲೆಕ್ಕ ಹಾಕೂದು." ನಾನೂ ಅಳಿಯನೂ ಮುಖ ಮುಖ ನೋಡಿಕೊಂಡೆವು. ಜಾಮರ್‌ಗೆ ಬಗ್ಗದ ಹೊಸ ಡ್ರೋನ್‌ಗಳು ಮಾಡುವುದೂ ಇದನ್ನೇ. ಉಪಗ್ರಹ ಸಿಗದಿದ್ದರೆ ಕ್ಯಾಮೆರಾದಲ್ಲಿ ಕಂಡ ನೆಲವನ್ನು ಒಳಗಿಟ್ಟ ಚಿತ್ರದ ಜೊತೆ ಹೋಲಿಸಿ ದಾರಿ ಹಿಡಿಯುತ್ತವೆ. ವೇಗ, ತಿರುವು ಅಳೆದು ಲೆಕ್ಕ ಹಾಕುತ್ತವೆ.

ಉಕ್ರೇನ್ ಯುದ್ಧದಲ್ಲಿ 2024ರಿಂದ ಇನ್ನೊಂದು ಬಗೆ ಬಂದಿದೆ. ರೇಡಿಯೋ ಬೇಡವೇ ಬೇಡ ಅಂತ ಡ್ರೋನಿನ ಹಿಂದೆ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಬಿಚ್ಚಿಕೊಂಡೇ ಹೋಗುತ್ತದೆ, ಗಾಳದ ಸುರುಳಿಯಿಂದ ದಾರ ಹೋದ ಹಾಗೆ. ಆದೇಶ, ಚಿತ್ರ ಎಲ್ಲ ಆ ಎಳೆಯಲ್ಲೇ. ಜಾಮ್ ಮಾಡಲು ಗಾಳಿಯಲ್ಲಿ ಏನೂ ಇರುವುದಿಲ್ಲ. ಅಳಿಯ ಇದನ್ನು ವಿವರಿಸಿದಾಗ ತಾಂಡೇಲರು ಮೊದಲ ಬಾರಿ ಸೂಜಿ ಕೆಳಗಿಟ್ಟರು. "ದಾರ ಸಿಕ್ಕಾಕೊಂಡ್ರೆ?" ಸರಿಯಾದ ಪ್ರಶ್ನೆ. ಮರಕ್ಕೆ ತೊಡರಿ ಎಳೆ ತುಂಡಾದರೆ ಅಲ್ಲಿಗೆ ಸಂಪರ್ಕ ಮುಗಿಯಿತು. ಅವುಗಳ ದೌರ್ಬಲ್ಯ ಅದೇ.

ಆಮೇಲೆ ಹಕ್ಕಿಯ ಮಾತು ಬಂತು. 2025ರ ಡಿಸೆಂಬರ್‌ನಲ್ಲಿ ಕಾರವಾರದ ಕಡಲತೀರದಲ್ಲಿ ಬೆನ್ನಿಗೆ ಜಿಪಿಎಸ್ ಕಟ್ಟಿದ್ದ ಸೀಗಲ್ ಒಂದು ಸಿಕ್ಕಿತ್ತು. ಸಾಧನದ ಮೇಲೆ ಚೀನಾದ ವಿಜ್ಞಾನ ಅಕಾಡೆಮಿಯ ಹೆಸರಿತ್ತು. ಊರಲ್ಲಿ ದಿನಗಟ್ಟಲೆ ಅದೇ ಸುದ್ದಿ. ಹಕ್ಕಿಗಳ ವಲಸೆ ಅಧ್ಯಯನಕ್ಕೆ ವಿಜ್ಞಾನಿಗಳು ಹೀಗೆ ಕಟ್ಟುವುದುಂಟು. ಆದರೂ ನೌಕಾನೆಲೆಯ ಮಗ್ಗುಲಲ್ಲಿ ಜನ ಗಾಬರಿಯಾದದ್ದರಲ್ಲಿ ತಪ್ಪಿಲ್ಲ. ರೇಡಾರಿಗೂ ಹಕ್ಕಿಯೇ ದೊಡ್ಡ ತಲೆನೋವು. ಸಣ್ಣ ಡ್ರೋನ್ ಗಾತ್ರದಲ್ಲಿ ಹಕ್ಕಿಯಷ್ಟೇ, ವೇಗದಲ್ಲೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇರುವುದು ರೆಕ್ಕೆಯಲ್ಲಿ. ಹಕ್ಕಿ ನಿಧಾನಕ್ಕೆ ಬಡಿಯುತ್ತದೆ, ಡ್ರೋನಿನ ರೆಕ್ಕೆ ಗಿರ್ರನೆ ತಿರುಗುತ್ತದೆ. ವಾಪಸ್ ಬರುವ ಅಲೆಯಲ್ಲಿ ಆ ಅದುರಾಟ ಹಿಡಿದು ಇದು ಯಂತ್ರ, ಇದು ಜೀವ ಅಂತ ಬೇರೆ ಮಾಡುತ್ತಾರೆ. ಬಂದರಿನ ಮೇಲೆ ನೂರಾರು ಹದ್ದು, ಕಾಗೆ, ಸೀಗಲ್ ಹಾರುವುದನ್ನು ನೋಡಿದಾಗ ಆ ಕೆಲಸ ಎಷ್ಟು ಕಷ್ಟದ್ದು ಅಂತ ನನಗೆ ಮೈಗೆ ತಾಗಿದ ಹಾಗೆ ಅರ್ಥವಾಯಿತು.

ಕಾರವಾರದಂಥ ಊರಲ್ಲಿ ಕಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಅಲೆಗಳ ಮೇಲಿಂದ ಬರುವ ಪ್ರತಿಫಲನದ ನಡುವೆ ಕೆಳಗೆ ಹಾರುವ ಡ್ರೋನ್ ಅಡಗಿಕೊಳ್ಳುತ್ತದೆ. ಲೇಸರ್ ಕಿರಣವನ್ನು ಕಡಲ ತೇವ, ಉಪ್ಪಿನ ಕಣ ಚದುರಿಸುತ್ತವೆ. ಇನ್ನು ಜಾಮರ್. ಮಾಮೂಲಿ ಡ್ರೋನ್‌ಗಳು ಮಾತಾಡುವುದು 2.4 ಮತ್ತು 5.8 ಗಿಗಾಹರ್ಟ್ಸ್‌ನಲ್ಲಿ. ನಿಮ್ಮ ಮನೆಯ ವೈಫೈ ಇರುವುದೂ ಅದೇ ಅಲೆಪಟ್ಟಿಗಳಲ್ಲಿ. ಗೋಡೆಯ ಆಚೆಗೇ ಊರು, ಆಸ್ಪತ್ರೆ, ಶಾಲೆ, ಜಿಪಿಎಸ್ ನಂಬಿ ಮನೆಗೆ ಬರುವ ಬೋಟ್‌ಗಳು. ಯುದ್ಧಭೂಮಿಯಲ್ಲಿ ಮಾಡಿದ ಹಾಗೆ ದಿನವಿಡೀ ಎಲ್ಲವನ್ನೂ ಮುಚ್ಚಿಹಾಕಲು ಇಲ್ಲಿ ಆಗುವುದಿಲ್ಲ. ಬೇಕಾದಾಗ, ಬೇಕಾದ ದಿಕ್ಕಿಗೆ, ಬೇಕಾದಷ್ಟೇ ಬಿಡಬೇಕು. ಹಾಗಾಗಿ ಗೊತ್ತಿಲ್ಲದೆ ಹಾರಿಸುವವರು ಕಡಿಮೆ ಆದಷ್ಟೂ ಕಾಯುವವರಿಗೆ ಕೆಲಸ ಹಗುರ. ಮದುವೆ ವಿಡಿಯೊದ ಡ್ರೋನ್ ಯಾವುದು, ಕೆಟ್ಟ ಉದ್ದೇಶದ್ದು ಯಾವುದು ಅಂತ ಕ್ಷಣದಲ್ಲಿ ತೀರ್ಮಾನಿಸುವ ಹೊರೆ ಯಾರೋ ಒಬ್ಬ ಚಿಕ್ಕ ವಯಸ್ಸಿನ ನಾವಿಕನ ತಲೆ ಮೇಲೆ ಇರುತ್ತದೆ. ಅದನ್ನು ಹಗುರ ಮಾಡುವುದು ನಮ್ಮ ಕೈಲಿದೆ. ನಾನು ಈ ಪ್ರವಾಸದಲ್ಲಿ ಗಟ್ಟಿಯಾಗಿ ನಂಬಿದ ಮಾತು ಇದು.

ಏಳುವಷ್ಟರಲ್ಲಿ ಮಳೆ ಸುರಿಯಿತು. ಬಲೆಯ ಟಾರ್ಪಾಲಿನ ಕೆಳಗೆ ನಾವು ಮೂವರೂ ನುಸುಳಿದೆವು. ತಾಂಡೇಲರ ಮಗ ಚಹಾ ತಂದ. ಅಲ್ಲೇ ಅವನ ನಂಬರು ಅಳಿಯನ ಫೋನಿಗೆ ಸೇರಿತು.

ಭಾನುವಾರ: ಅಂಕೋಲಾ, ಶಿರೂರು, ದೇವಿಮನೆ

ಅಂಕೋಲಾದಲ್ಲಿ ಹಾಲಕ್ಕಿ ಹೆಂಗಸರು ಕರಿ ಈಶಾಡು ಮಾವಿನಹಣ್ಣು ಇಟ್ಟುಕೊಂಡು ಕೂತಿದ್ದರು. ಮಳೆ ಬಿದ್ದ ಮೇಲೆ ಈ ಹಣ್ಣಿಗೆ ಹುಳ ಬೇಗ ಬೀಳುತ್ತದೆ, ಮೇ ಮಧ್ಯದೊಳಗೆ ಬಂದರೆ ಚೆಂದ. ಆದರೂ ಒಂದು ಡಜನ್ ತೆಗೆದುಕೊಂಡೆವು. ಸಿಪ್ಪೆ ತೆಳು, ರಸ ಮೊಣಕೈವರೆಗೆ ಇಳಿಯುತ್ತದೆ. ಕಾರಿನ ಸ್ಟೇರಿಂಗ್ ಸಂಜೆವರೆಗೆ ಅಂಟಂಟು.

ಶಿರೂರಿನಲ್ಲಿ ಕಾರು ನಿಧಾನ ಮಾಡಿದೆವು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಜರಿದು ಹೆದ್ದಾರಿ, ಚಹಾದಂಗಡಿ, ನಿಂತ ಲಾರಿಗಳನ್ನು ಗಂಗಾವಳಿಗೆ ತಳ್ಳಿತ್ತು. ಆಗ ನದಿಯ ಮೇಲೆ ಡ್ರೋನ್ ಹಾರಿತ್ತು, ಕೆಸರಿನಡಿ ಹೂತ ಲೋಹವನ್ನು ಹುಡುಕುವ ಸಾಧನ ಹೊತ್ತು. ಸೇನೆಯಲ್ಲಿದ್ದು ನಿವೃತ್ತರಾದವರು ಆ ತಂಡವನ್ನು ನಡೆಸಿದ್ದರು. ಕಾಣೆಯಾದ ಕೇರಳದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಡ್ರೆಜ್ಜರ್ ತಂದ ಮೇಲೆ. ಡ್ರೋನ್ ಅಂದರೆ ಬರೀ ಬಾಂಬು ಅಂತ ಮಾತಾಡುವವರಿಗೆ ನಾನು ಶಿರೂರಿನ ಹೆಸರು ಹೇಳುತ್ತೇನೆ. ಅಳಿಯ ಕಾರಿನಿಂದ ಇಳಿದು ನದಿಗೆ ಕೈಮುಗಿದ.

ಕುಮಟಾದ ಹತ್ತಿರ ರಸ್ತೆ ಬದಿಯಲ್ಲಿ ಸಿಹಿ ಈರುಳ್ಳಿಯ ಜಡೆಗಳು ತೂಗಾಡುತ್ತಿದ್ದವು. ಎರಡು ಕೊಂಡೆವು. ಅಲ್ಲಿಂದ ಶಿರಸಿ ರಸ್ತೆ. ದೇವಿಮನೆ ಘಟ್ಟ ಹತ್ತಿ ರಾಗಿಹೊಸಳ್ಳಿ ಇನ್ನೂ ಮುಂದಿದೆ ಅನ್ನುವಾಗ ಹಿಂದಿನ ಟೈರು ಪಂಕ್ಚರ್. ಮಳೆ ಹನಿಯುತ್ತಿತ್ತು, ಜಾಕ್ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಫೋನಿನಲ್ಲಿ ನೆಟ್‌ವರ್ಕ್ ಸುಳಿವೇ ಇಲ್ಲ. ಆದರೆ ಮೊದಲೇ ಇಳಿಸಿಕೊಂಡಿದ್ದ ನಕ್ಷೆಯಲ್ಲಿ ನೀಲಿ ಚುಕ್ಕೆ ಮಾತ್ರ ಘಟ್ಟದ ತಿರುವಿನಲ್ಲೇ ಸರಿಯಾಗಿ ನಿಂತಿತ್ತು. ಅಳಿಯ ಅದನ್ನು ತೋರಿಸಿದ. ಟವರ್ ಇಲ್ಲ, ಉಪಗ್ರಹ ಇದೆ. ಎರಡೂ ಬೇರೆ ಬೇರೆ. ಅದಕ್ಕೇ ಡ್ರೋನ್ ತಡೆಯುವವರು ಒಂದನ್ನೇ ಕಡಿದು ಸುಮ್ಮನೆ ಕೂರುವಂತಿಲ್ಲ. ರೇಡಿಯೋ ಹೋದರೂ ಜಿಪಿಎಸ್ ಹಿಡಿದು ಮೊದಲೇ ಕೊಟ್ಟ ಗುರಿಗೆ ಹೋಗುವ ಡ್ರೋನ್‌ಗಳಿವೆ. ಇರಾನಿನ ಶಾಹೆದ್ ಆ ಜಾತಿಯದು.

ಶಿರಸಿ ಕಡೆಯಿಂದ ಬಂದ ಸರ್ಕಾರಿ ಬಸ್ಸಿನ ಚಾಲಕರು ನಿಲ್ಲಿಸಿ ಇಳಿದು ಬಂದರು. "ಚಪ್ಪಟೆ ಕಲ್ಲು ಇಡ್ರಿ ಜಾಕಿನ ಕೆಳಗೆ," ಅಂದು ತಾವೇ ಹುಡುಕಿ ತಂದರು. ಬಸ್ಸಿನೊಳಗೆ ಯಾರೂ ಗೊಣಗಲಿಲ್ಲ, ಇಬ್ಬರು ಇಳಿದು ಕೊಡೆ ಹಿಡಿದರು. ಈ ರಸ್ತೆಯಲ್ಲಿ ಹೋಗುವವರು ಸ್ಟೆಪ್ನಿಯ ಗಾಳಿ ಮೊದಲೇ ನೋಡಿಕೊಳ್ಳಿ, ನಡುವೆ ಅಂಗಡಿ ಸಿಗುವುದು ಅಪರೂಪ.

ಶಿರಸಿಯಿಂದ ಸ್ವಲ್ಪ ಆಚೆ ನನ್ನ ಹಳೆಯ ಹಾಸ್ಟೆಲ್ ಗೆಳೆಯನ ಮನೆ. ಅಂಗಳಕ್ಕೆ ಕಾಲಿಡುತ್ತಲೇ ಅವನ ಆಯಿ, "ಕೈಕಾಲು ತೊಳ್ಕಳಿ, ಆಸ್ರಿಗೆ ಎಂತ ಮಾಡ್ಲಿ?" ಅಂದರು. ಕಷಾಯ ಬಂತು. ರಾತ್ರಿ ಅಪ್ಪೆಹುಳಿ, ಅನ್ನ, ಹಲಸಿನ ಹಪ್ಪಳ. ಅಪ್ಪೆಹುಳಿಯನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದೆ. ಅದಾದ ಮೇಲೆ ನಿದ್ದೆ ತಾನಾಗಿ ಬರುತ್ತದೆ.

ಸೋಮವಾರ: ತೋಟದ ಮೇಲೆ

ಬೆಳಿಗ್ಗೆ ಡ್ರೋನಿನ ಸದ್ದಿಗೆ ಎಚ್ಚರವಾಯಿತು. ಪಕ್ಕದ ತೋಟದಲ್ಲಿ ಮಳೆಗಾಲಕ್ಕೆ ಮುಂಚಿನ ಮೊದಲ ಬೋರ್ಡೊ ಸಿಂಪಡಣೆ. ಅಡಿಕೆಗೆ ಕೊಳೆರೋಗ ಬಾರದಿರಲು 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮರ ಹತ್ತುವ ಕೊನೆಗೌಡರು ಈಗ ಸಿಗುವುದೇ ಕಷ್ಟ, ಹಾಗಾಗಿ ಕೆಲವರು ಉದ್ದದ ದೋಟಿ ಹಿಡಿದಿದ್ದಾರೆ, ಕೆಲವರು ಡ್ರೋನ್ ನೋಡುತ್ತಿದ್ದಾರೆ. ಹತ್ತು ಲೀಟರಿನ ಟ್ಯಾಂಕು, ಹತ್ತು ನಿಮಿಷದೊಳಗೆ ಬ್ಯಾಟರಿ ಖಾಲಿ. ಗೆಳೆಯನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. "ಮೇಲಿಂದ ಹೊಡೆದ್ರೆ ಸೋಗೆ ನೆನೆಯುತ್ತೆ. ಅಡಿಕೆ ಕೊನೆ ಇರೋದು ಸೋಗೆ ಕೆಳಗೆ ಅಲ್ವಾ?" ಅಂದ. ಅವನ ಮಾತು ಸರಿ. ಸುಣ್ಣ ಕೆಳಗೆ ಕೂತು ನಳಿಕೆ ಕಟ್ಟುವುದೂ ಇದೆ. ಹಾರಿಸುತ್ತಿದ್ದ ಹುಡುಗ ಎರಡು ಸಲ ಇಳಿಸಿ ಸೂಜಿಯಿಂದ ಚುಚ್ಚಿ ತೆಗೆದ.

ನಕ್ಷೆಯಲ್ಲಿ ಇಲ್ಲಿ ಹಸಿರು. ಅಳಿಯ ತನ್ನ ಡ್ರೋನ್ ತೆಗೆದ, ಅಂತೂ. ಅಂಗಳದಿಂದ ಎಬ್ಬಿಸಿ ತೋಟದ ತಲೆ ಮೇಲೆ ಹೋಗಿ ಗುಡ್ಡದ ಆಚೆ ಇಳಿಸಿದ. ಅಲ್ಲಿ ಸಂಪರ್ಕ ತಪ್ಪಿತು. ಪರದೆ ಬೂದು ಬಣ್ಣಕ್ಕೆ ತಿರುಗಿ ಚಿತ್ರ ನಿಂತೇಹೋಯಿತು. ಗೆಳೆಯನ ಮಗಳು "ಹೋಯ್ತು ಮಾವಾ!" ಅಂತ ಕಿರುಚಿದಳು. ಅಳಿಯ ಕೈ ಅಲುಗಿಸಲಿಲ್ಲ. ಕೆಲವು ಕ್ಷಣ ಏನೂ ಇಲ್ಲ. ಆಮೇಲೆ ಗುಡ್ಡದ ಮೇಲೆ ಚುಕ್ಕೆ ಕಾಣಿಸಿತು. ತಾನಾಗಿ ಮೇಲೇರಿ, ಹೊರಟ ಜಾಗವನ್ನು ಜಿಪಿಎಸ್‌ನಿಂದ ಹಿಡಿದು ಸೀದಾ ಅಂಗಳಕ್ಕೆ ಬಂದು ಕೂತಿತು.

ಗುಡ್ಡ ಮಾಡಿದ್ದನ್ನೇ ಜಾಮರ್ ಮಾಡುತ್ತದೆ. ಸಂಪರ್ಕ ಕಡಿದಾಗ ಡ್ರೋನ್ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ: ಮನೆಗೆ ಹೋಗು, ಇಲ್ಲೇ ಇಳಿ, ಅಥವಾ ನಿಂತಲ್ಲೇ ನಿಲ್ಲು. ಮನೆಗೆ ವಾಪಸಾದರೆ ಹಾರಿಸಿದವನು ಎಲ್ಲಿದ್ದಾನೆ ಅನ್ನುವುದೂ ಹಿಂಬಾಲಿಸುವವರಿಗೆ ಗೊತ್ತಾಗುತ್ತದೆ. ಹುಡುಗಿ ಇದನ್ನೆಲ್ಲ ಕೇಳಿ, "ಮತ್ತೆ ಸುಳ್ಳು ಜಿಪಿಎಸ್ ಕೊಟ್ರೆ ಬೇರೆಯವರ ಮನೆಗೆ ಹೋಗಿ ಕೂರುತ್ತಾ?" ಅಂದಳು. ನನ್ನ ತರಗತಿಯಲ್ಲಿ ಇಷ್ಟು ಬೇಗ ಯಾರೂ ಸ್ಪೂಫಿಂಗ್‌ವರೆಗೆ ಬಂದಿರಲಿಲ್ಲ.

ಅವಳಿಗೆ ಇನ್ನೊಂದು ವಿಷಯ ಹೇಳಿದೆ. 2023ರ ಜೂನ್ 16ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರದ ಪರೀಕ್ಷಾ ಕ್ಷೇತ್ರದಿಂದ ತಪಸ್ ಅನ್ನುವ ನಮ್ಮದೇ ಡ್ರೋನ್ ಎದ್ದಿತು. ಅಲ್ಲಿಂದ ಕಾರವಾರದ ನೆಲೆಗೆ 285 ಕಿ.ಮೀ. ದಡದಿಂದ 148 ಕಿ.ಮೀ. ಒಳಗೆ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿಗೆ ಅದರ ಲಗಾಮು ದಾಟಿಸಿದರು. ಮೂರೂವರೆ ಗಂಟೆ ಹಾರಾಟದಲ್ಲಿ 40 ನಿಮಿಷ ಹಡಗಿನವರೇ ನಡೆಸಿದರು, 20 ಸಾವಿರ ಅಡಿ ಎತ್ತರದಲ್ಲಿ. ಸೇನೆ ಕೇಳಿದ್ದ 30 ಸಾವಿರ ಅಡಿ, 24 ಗಂಟೆಯ ಹಾರಾಟವನ್ನು ತಪಸ್ ಮುಟ್ಟಲಿಲ್ಲ. ಆದರೂ ನೆಲದಿಂದ ಹಡಗಿಗೆ ಸಂಪರ್ಕ ಕೈ ಬದಲಿಸುವುದು ಸಣ್ಣ ಮಾತಲ್ಲ. ಆ ಎಳೆಯನ್ನು ಶತ್ರು ಕಡಿಯದಂತೆ ಕಾಯುವುದು ಅದಕ್ಕಿಂತ ದೊಡ್ಡದು. ಅಳಿಯ ಫೋನಿನ ನಕ್ಷೆಯಲ್ಲಿ ಚಳ್ಳಕೆರೆಯಿಂದ ಕಾರವಾರಕ್ಕೆ ಗೆರೆ ಎಳೆದು ತೋರಿಸಿದ. ಅದು ಶಿರಸಿಯ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಹುಡುಗಿ ಕತ್ತೆತ್ತಿ ಮೇಲೆ ನೋಡಿದಳು.

ಮಾರಿಕಾಂಬೆಗೆ ಕೈಮುಗಿದು, ಮಿಡಿ ಉಪ್ಪಿನಕಾಯಿಯ ಡಬ್ಬಿ ಕಟ್ಟಿಸಿಕೊಂಡು, ಮುಂಡಗೋಡ ದಾರಿಯಲ್ಲಿ ಹೊರಟೆವು. ಅಳಿಯ ಪಕ್ಕದಲ್ಲಿ ಕೂತು ಫೋನಿನಲ್ಲಿ ಏನೋ ಬರೆಯುತ್ತಿದ್ದ. ಆಮೇಲೆ ಓದಿ ಹೇಳಿದ:

"ಇಲ್ಲಿ ಡ್ರೋನ್ ಹಾರಿಸಬೇಡಿ. ನೌಕಾನೆಲೆಯ ಗಡಿಯಿಂದ 3 ಕಿ.ಮೀ. ಒಳಗೆ ಎಷ್ಟು ಚಿಕ್ಕ ಡ್ರೋನಿಗೂ ಅನುಮತಿ ಬೇಕು. ಗೊತ್ತಿಲ್ಲದ ಡ್ರೋನ್ ಹಾರುವುದು ಕಂಡರೆ ಪೊಲೀಸರಿಗೆ ತಿಳಿಸಿ. ಬಿದ್ದಿದ್ದರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ."

ಬೈತಖೋಲಿನ ತಾಂಡೇಲರ ಮಗನಿಗೆ ಅದನ್ನು ಕಳಿಸಿದ. ಪೊಲೀಸರಿಗೆ ತೋರಿಸಿ, ಅವರು ಒಪ್ಪಿದರೆ ಬಂದರಿನ ಸೊಸೈಟಿಯಲ್ಲಿ ಅಂಟಿಸಬಹುದಾ ಅಂತ ಕೇಳಿದ. ಮುಂಡಗೋಡದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಉತ್ತರ ಬಂತು. ಅಪ್ಪ ಹೇಳಿದ್ದಾರೆ, ಕೊಂಕಣಿಯಲ್ಲೂ ಬರೆಯಿರಿ ಅಂತ. ಬರೀ ಪೊಲೀಸರು ಅಂದರೆ ಸಾಲದಂತೆ. ಕರಾವಳಿ ಕಾವಲು ಸಹಾಯವಾಣಿ 1093, ಕೋಸ್ಟ್‌ಗಾರ್ಡ್ 1554, ಎರಡೂ ನಂಬರನ್ನು ದೊಡ್ಡದಾಗಿ ಮೇಲೆ ಹಾಕಬೇಕಂತೆ, ಬೋಟ್ ಮೇಲೆ ನಿಂತು ಓದುವಷ್ಟು. ಜೂನ್ 1ಕ್ಕೆ ಬೋಟ್‌ಗಳೆಲ್ಲ ದಡಕ್ಕೆ ಬರುತ್ತವೆ, ಎರಡು ತಿಂಗಳು ಎಲ್ಲರೂ ಬಂದರಿನಲ್ಲೇ ಸಿಗುತ್ತಾರೆ. ಅಷ್ಟರೊಳಗೆ ಪ್ರಿಂಟ್ ಹಾಕಿಸಿ ಕಳಿಸುತ್ತೇವೆ ಅಂತ ಅಳಿಯ ಬರೆದ. ಕೊಂಕಣಿ ಸಾಲುಗಳನ್ನು ಅವರೇ ಬರೆದು ಕಳಿಸಬೇಕು ಅಂತಲೂ ಸೇರಿಸಿದ.